ಹಾಸ್ಟೆಲ್ ಮೆಸ್‌ನಿಂದ ವಿದೇಶದ ಮೀಲ್ ಪ್ಲಾನ್‌ವರೆಗೆ: ಜೈನ ವಿದ್ಯಾರ್ಥಿಗಳು ಊಟದ ವ್ಯವಸ್ಥೆ ಆರಿಸಿಕೊಳ್ಳುವುದು ಹೇಗೆ?

ಪಿಯುಸಿ ಫಲಿತಾಂಶ ಬಂದು, ಸಿಇಟಿ ಕೌನ್ಸೆಲಿಂಗ್ ಮುಗಿದು, ದೂರದ ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂದರೆ ಜೈನ ಮನೆಗಳಲ್ಲಿ ಸಂತೋಷದ ಹಿಂದೆಯೇ ಒಂದು ಚಿಂತೆ ಶುರುವಾಗುತ್ತದೆ: ಮಗುವಿನ ಊಟಕ್ಕೆ ಏನು ಮಾಡುವುದು? ಎಂ.ಎಸ್. ಓದಲು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೊರಟರಂತೂ ಈ ಚಿಂತೆ ಇಮ್ಮಡಿ. ಶುಲ್ಕ, ಸಾಲ, ವೀಸಾ ಎಲ್ಲವನ್ನೂ ತಿಂಗಳುಗಟ್ಟಲೆ ವಿಚಾರಿಸುವ ಕುಟುಂಬಗಳು ಊಟದ ವಿಷಯವನ್ನು ಮಾತ್ರ "ಹೋದ ಮೇಲೆ ನೋಡಿಕೊಂಡರಾಯಿತು" ಎಂದು ಬಿಟ್ಟುಬಿಡುವುದು ಸಾಮಾನ್ಯ. ಅದರ ಫಲವನ್ನು ವಿದ್ಯಾರ್ಥಿ ಮೊದಲ ಸೆಮಿಸ್ಟರ್‌ನಲ್ಲಿಯೇ ಉಣ್ಣುತ್ತಾರೆ. ಕೆಲವರು ಅನ್ನ, ಮೊಸರು, ಬಾಳೆಹಣ್ಣಿನಲ್ಲೇ ದಿನ ದೂಡಿ ಸೊರಗುತ್ತಾರೆ. ಕೆಲವರು ಚಿಕ್ಕಂದಿನಿಂದ ಪಾಲಿಸಿದ ನಿಯಮವನ್ನು ಸದ್ದಿಲ್ಲದೆ ಕೈಬಿಟ್ಟು, ಮನೆಯವರಿಗೆ ಹೇಳಲಾಗದೆ ಒಳಗೊಳಗೇ ಕುಗ್ಗುತ್ತಾರೆ. ಇವೆರಡನ್ನೂ ಬಹುಮಟ್ಟಿಗೆ ತಪ್ಪಿಸಬಹುದು. ಅದಕ್ಕೆ ಬೇಕಾದ ಮಾಹಿತಿಯನ್ನು ಈ ಲೇಖನದಲ್ಲಿ ಕ್ರಮವಾಗಿ ಕೊಡಲಾಗಿದೆ.

ಮೊದಲು ಮನೆಯಲ್ಲಿ ಕುಳಿತು ನಿಯಮಗಳ ಪಟ್ಟಿ

"ಜೈನ ಊಟ" ಎಂಬ ಮಾತಿಗೆ ಎಲ್ಲ ಮನೆಗಳಲ್ಲೂ ಒಂದೇ ಅರ್ಥವಿಲ್ಲ. ತುಳುನಾಡಿನ ದಿಗಂಬರ ಮನೆ, ಬೆಳಗಾವಿ ಭಾಗದ ರೈತ ಕುಟುಂಬ, ಬೆಂಗಳೂರು ಅಥವಾ ಹುಬ್ಬಳ್ಳಿಯ ಶ್ವೇತಾಂಬರ ವ್ಯಾಪಾರಿ ಕುಟುಂಬ, ಈ ಮೂರರ ಅಡುಗೆಮನೆಗಳೂ ಬೇರೆ ಬೇರೆ. ಹಾಗಾಗಿ ಮೆಸ್ ಹುಡುಕುವ ಮೊದಲು ವಿದ್ಯಾರ್ಥಿ ಯಾವುದನ್ನು ಪಾಲಿಸುತ್ತಾರೆ, ಯಾವುದರಲ್ಲಿ ಸಡಿಲಿಕೆ ಇದೆ ಎಂಬುದನ್ನು ತಂದೆ-ತಾಯಿಯೊಡನೆ ಕುಳಿತು ಬರೆದುಕೊಳ್ಳುವುದು ಒಳ್ಳೆಯದು. ಪಟ್ಟಿಯನ್ನು ಮೂರು ಭಾಗ ಮಾಡಬಹುದು.

ಒಂದನೆಯದು, ಯಾವ ಸಂದರ್ಭದಲ್ಲೂ ಬಿಡದವು. ಮಾಂಸ, ಮೀನು, ಮೊಟ್ಟೆ, ಮದ್ಯ ಮತ್ತು ಜೇನುತುಪ್ಪ ಇಲ್ಲಿ ಬರುತ್ತವೆ. ಮದ್ಯ, ಮಾಂಸ, ಮಧು ಎಂಬ ಮೂರು ಮಕಾರಗಳ ಮತ್ತು ಅತ್ತಿ, ಆಲ ಮೊದಲಾದ ಐದು ಉದುಂಬರ ಫಲಗಳ ತ್ಯಾಗವನ್ನು ಶ್ರಾವಕಾಚಾರಗಳು ಅಷ್ಟಮೂಲಗುಣಗಳಲ್ಲಿ ಸೇರಿಸಿವೆ.

ಎರಡನೆಯದು, ಕಂದಮೂಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಸಿಹಿಗೆಣಸು, ಸುವರ್ಣಗೆಡ್ಡೆ, ಹಸಿ ಶುಂಠಿ, ಹಸಿ ಅರಿಶಿಣ ಇದರಲ್ಲಿ ಸೇರುತ್ತವೆ. ಒಣಗಿಸಿದ ಶುಂಠಿ ಮತ್ತು ಅರಿಶಿಣದ ಪುಡಿಯನ್ನು ಹೆಚ್ಚಿನ ಮನೆಗಳಲ್ಲಿ ಬಳಸುತ್ತಾರೆ. ಶೇಂಗಾ ನೆಲದೊಳಗೆ ಬೆಳೆದರೂ ಅದು ಬೀಜವಾದ್ದರಿಂದ ಬಹುತೇಕರು ಅದನ್ನು ಬಿಡುವುದಿಲ್ಲ. ಕೆಲವರು ಈರುಳ್ಳಿ-ಬೆಳ್ಳುಳ್ಳಿ ಮಾತ್ರ ಬಿಟ್ಟು ಆಲೂಗಡ್ಡೆ ತಿನ್ನುತ್ತಾರೆ. ಬದನೆ, ಹೂಕೋಸು, ಅಣಬೆಗಳನ್ನು ಬಿಟ್ಟವರೂ ಇದ್ದಾರೆ. ಯಾವುದಿದ್ದರೂ ಹೆಸರು ಹಿಡಿದು ಬರೆಯಬೇಕು.

ಮೂರನೆಯದು, ಕಾಲದ ನಿಯಮ. ರಾತ್ರಿಭೋಜನ ತ್ಯಾಗ ವರ್ಷವಿಡೀ ಇದೆಯೇ, ಚಾತುರ್ಮಾಸದಲ್ಲಿ ಮಾತ್ರವೇ, ಅಷ್ಟಮಿ-ಚತುರ್ದಶಿಗಳಂದು ಮಾತ್ರವೇ? ರಾತ್ರಿ ನೀರು ಕುಡಿಯುವುದುಂಟೇ? ಪರ್ವದಿನಗಳಲ್ಲಿ ಏಕಾಶನವೇ, ಉಪವಾಸವೇ? ಸೋಸಿದ ಅಥವಾ ಕುದಿಸಿದ ನೀರೇ ಆಗಬೇಕೇ?

ಈ ಪಟ್ಟಿಯನ್ನು ಪ್ರಾಮಾಣಿಕವಾಗಿ ಮಾಡುವುದು ಮುಖ್ಯ. ಮನೆಯಲ್ಲಿ ಅಜ್ಜಿ ಪಾಲಿಸುವುದನ್ನೆಲ್ಲ ಮೊಮ್ಮಗನ ಪಟ್ಟಿಗೆ ಸೇರಿಸಿದರೆ ಅದು ಹಾಸ್ಟೆಲ್‌ನಲ್ಲಿ ನಿಲ್ಲುವುದಿಲ್ಲ. ಹಾಗೆಯೇ, ನಿಜವಾಗಿ ಪಾಲಿಸಬೇಕೆಂದಿರುವ ನಿಯಮವನ್ನು ಸಂಕೋಚದಿಂದ ಬಿಟ್ಟುಬಿಟ್ಟರೆ ಆಮೇಲೆ ಪಶ್ಚಾತ್ತಾಪ ಕಾಡುತ್ತದೆ. ಹೊಸದಾಗಿ ನಿಯಮ ತೆಗೆದುಕೊಳ್ಳುವವರು ಅವಧಿಯನ್ನು ಹೇಳಿ ತೆಗೆದುಕೊಳ್ಳುವ ಪದ್ಧತಿಯೂ ನಮ್ಮಲ್ಲಿದೆ. ಮುನಿಗಳ, ಮಾತಾಜಿಯವರ ಅಥವಾ ಮನೆಯ ಹಿರಿಯರ ಸಲಹೆ ಪಡೆದು, ಓದಿನ ಅವಧಿಗೆ ಹೊಂದುವಂತೆ ನಿಯಮವನ್ನು ಗೊತ್ತುಮಾಡಿಕೊಳ್ಳಬಹುದು.

ರಾಜ್ಯದೊಳಗಿನ ಹಾಸ್ಟೆಲ್‌ಗಳು

ಹೊರಗಡೆ ಓದುವ ಜೈನ ಮಕ್ಕಳ ಊಟದ ಚಿಂತೆ ಇಂದಿನದಲ್ಲ. 1899ರಲ್ಲಿ ಸ್ತವನಿಧಿಯಲ್ಲಿ ಆರಂಭವಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಶಿಕ್ಷಣ ಪ್ರಸಾರಕ್ಕಾಗಿ ಮೊದಲು ಕೈಹಾಕಿದ ಕೆಲಸಗಳಲ್ಲಿ ಬೋರ್ಡಿಂಗ್‌ಗಳೂ ಸೇರಿವೆ. ವಸತಿ ಮತ್ತು ಊಟ ಸಿಕ್ಕರೆ ಹಳ್ಳಿಯ ಮಗು ಓದುತ್ತದೆ ಎಂಬ ಸರಳ ಲೆಕ್ಕ ಅದರ ಹಿಂದಿತ್ತು. ಇಂದಿಗೂ ಕೆಲವು ನಗರಗಳಲ್ಲಿ ಸಮಾಜದ ವಿದ್ಯಾರ್ಥಿನಿಲಯಗಳು ನಡೆಯುತ್ತಿವೆ. ಕಾಲೇಜು ಇರುವ ಊರಿನ ಬಸದಿ ಸಮಿತಿಯನ್ನು ಅಥವಾ ಸ್ಥಾನಕ, ದೇರಾಸರಗಳ ಸಂಘವನ್ನು ಮೊದಲು ವಿಚಾರಿಸುವುದು ಉತ್ತಮ. ಜೈನರನ್ನು 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದೆ. ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೂ ಅರ್ಹ ಜೈನ ವಿದ್ಯಾರ್ಥಿಗಳು ಅರ್ಜಿ ಹಾಕಬಹುದು. ಆದರೆ ಸೀಟು ಒಪ್ಪಿಕೊಳ್ಳುವ ಮೊದಲು ಅಲ್ಲಿನ ಅಡುಗೆಮನೆಯ ವ್ಯವಸ್ಥೆಯನ್ನು ಕಣ್ಣಾರೆ ನೋಡಬೇಕು.

ಕಾಲೇಜಿನ ಹಾಸ್ಟೆಲ್ ಆದರೆ "ವೆಜ್ ಇದೆ" ಎಂಬ ಉತ್ತರ ಸಾಲದು. ವಾರ್ಡನ್ ಅಥವಾ ಮೆಸ್ ಮೇಲ್ವಿಚಾರಕರ ಬಳಿ ಕೇಳಬೇಕಾದ ಪ್ರಶ್ನೆಗಳು ಇವು:

• ಸಸ್ಯಾಹಾರದ ಅಡುಗೆಮನೆ ಬೇರೆಯೇ? ಅಥವಾ ಒಂದೇ ಅಡುಗೆಮನೆಯಲ್ಲಿ ಪಾತ್ರೆ ಮಾತ್ರ ಬೇರೆಯೇ?
• ಮೊಟ್ಟೆಯನ್ನು ಸಸ್ಯಾಹಾರದ ಕೌಂಟರಿನಲ್ಲೇ ಕೊಡುತ್ತಾರೆಯೇ? ಆಮ್ಲೆಟ್ ಮಾಡಿದ ಕಾವಲಿಯಲ್ಲೇ ದೋಸೆ ಹುಯ್ಯುತ್ತಾರೆಯೇ?
• ಸಾಂಬಾರ್, ಸಾರು, ಪಲ್ಯಕ್ಕೆ ಈರುಳ್ಳಿ-ಬೆಳ್ಳುಳ್ಳಿ ಯಾವ ಹಂತದಲ್ಲಿ ಬೀಳುತ್ತದೆ? ಒಗ್ಗರಣೆಯಲ್ಲಿ ಮಾತ್ರ ಬೀಳುವುದಾದರೆ, ಒಗ್ಗರಣೆಗೆ ಮೊದಲು ಒಂದು ಪಾತ್ರೆಯಷ್ಟು ತೆಗೆದಿಡಬಹುದೇ?
• ರಾತ್ರಿ ಊಟ ಎಷ್ಟು ಗಂಟೆಗೆ? ಸಂಜೆ ಬುತ್ತಿ ಕಟ್ಟಿಕೊಡುವ ಪದ್ಧತಿ ಇದೆಯೇ?
• ಊಟ ಬಿಟ್ಟ ದಿನಗಳಿಗೆ ಹಣ ಕಡಿತ ಉಂಟೇ? ಎಷ್ಟು ದಿನ ಮೊದಲು ತಿಳಿಸಬೇಕು?
• ಮೆಸ್ ಸಮಿತಿಯಲ್ಲಿ ವಿದ್ಯಾರ್ಥಿಗಳಿದ್ದಾರೆಯೇ?

ಒಗ್ಗರಣೆಯ ಪ್ರಶ್ನೆ ಚಿಕ್ಕದೆನಿಸಿದರೂ ಬಹಳ ಉಪಯೋಗದ್ದು. ನೂರಾರು ಜನರಿಗೆ ಅಡುಗೆ ಮಾಡುವವರಿಗೆ ಮೂರು ಜನರಿಗಾಗಿ ಬೇರೆ ಸಾರು ಮಾಡುವುದು ಕಷ್ಟ. ಬೆಂದ ತೊವ್ವೆಯನ್ನು ಮಸಾಲೆ ಬೀಳುವ ಮೊದಲೇ ಎತ್ತಿಡುವುದು ಕಷ್ಟವಲ್ಲ. ಅನ್ನ, ಚಪಾತಿ, ಸಾದಾ ತೊವ್ವೆ, ಮೊಸರು, ಒಂದು ಕಾಯಿಪಲ್ಯ ಸಿಕ್ಕರೆ ಮನೆಯಿಂದ ತಂದ ಚಟ್ನಿಪುಡಿ, ಮೆಂತ್ಯದ ಹಿಟ್ಟು, ಪುಳಿಯೋಗರೆ ಗೊಜ್ಜಿನೊಂದಿಗೆ ಊಟ ಸಾಗುತ್ತದೆ. ಉತ್ತರ ಕರ್ನಾಟಕದ ಕಡೆಯ ಮೆಸ್‌ಗಳಲ್ಲಿ ಶೇಂಗಾ ಚಟ್ನಿಪುಡಿಗೆ ಬೆಳ್ಳುಳ್ಳಿ ಹಾಕುವುದು ರೂಢಿ ಎಂಬುದನ್ನು ಮರೆಯಬಾರದು.

ಒಬ್ಬರೇ ಹೋಗಿ ಕೇಳುವುದಕ್ಕಿಂತ ನಾಲ್ಕೈದು ಜನ ಒಟ್ಟಾಗಿ ಕೇಳಿದರೆ ಕೆಲಸ ಬೇಗ ಆಗುತ್ತದೆ. ಈರುಳ್ಳಿ-ಬೆಳ್ಳುಳ್ಳಿ ತಿನ್ನದ ಬೇರೆ ಸಮುದಾಯದ ವಿದ್ಯಾರ್ಥಿಗಳೂ ಹಾಸ್ಟೆಲ್‌ಗಳಲ್ಲಿ ಇರುತ್ತಾರೆ. ಶ್ರಾವಣದಲ್ಲಿ, ಕಾರ್ತಿಕದಲ್ಲಿ ಅವರ ಸಂಖ್ಯೆ ಹೆಚ್ಚು. ಅವರನ್ನೂ ಸೇರಿಸಿಕೊಂಡು ಒಂದು ಕೌಂಟರ್ ಕೇಳಬಹುದು.

ಪ್ಯಾಕೆಟ್ಟಿನ ಹಸಿರು ಚುಕ್ಕಿ ಹೇಳುವುದೇನು?

ಭಾರತದಲ್ಲಿ ಪ್ಯಾಕ್ ಮಾಡಿದ ಸಸ್ಯಾಹಾರದ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕಿ, ಮಾಂಸಾಹಾರದ ಮೇಲೆ ಕಂದು ಚೌಕದೊಳಗೆ ಕಂದು ತ್ರಿಕೋನ ಇರಬೇಕೆಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಇಲ್ಲಿ ಮೊಟ್ಟೆ ಮಾಂಸಾಹಾರದ ಗುಂಪಿಗೆ ಸೇರುತ್ತದೆ. ಹಾಗಾಗಿ ಹಸಿರು ಚುಕ್ಕಿಯ ಬಿಸ್ಕತ್ತಿನಲ್ಲಿ ಮೊಟ್ಟೆ ಇರುವಂತಿಲ್ಲ. ಆದರೆ ಜೇನುತುಪ್ಪವನ್ನು ಈ ನಿಯಮ ಮಾಂಸಾಹಾರ ಎಂದು ಎಣಿಸುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗೂ ಚುಕ್ಕಿಗೂ ಸಂಬಂಧವಿಲ್ಲ. ಚುಕ್ಕಿ ನೋಡಿದ ಮೇಲೂ ಪದಾರ್ಥಗಳ ಪಟ್ಟಿ ಓದಲೇಬೇಕು. ಕೆಲವು ಪ್ಯಾಕೆಟ್‌ಗಳಲ್ಲಿ ಮಸಾಲೆಗಳನ್ನು ಒಟ್ಟಾಗಿ ಒಂದೇ ಹೆಸರಿನಲ್ಲಿ ಬರೆದಿರುತ್ತಾರೆ. ಅಂಥ ತಿನಿಸನ್ನು ಅನುಮಾನವಿದ್ದಲ್ಲಿ ಬಿಡುವುದೇ ಸರಿ.

ಅಮೆರಿಕದ ಮೀಲ್ ಪ್ಲಾನ್ ಎಂದರೇನು?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಊಟವನ್ನು ಸೆಮಿಸ್ಟರ್‌ಗೆ ಮುಂಗಡ ಹಣ ಕಟ್ಟಿ ಕೊಳ್ಳುವ ಪದ್ಧತಿಯಿದೆ. ಗುರುತಿನ ಚೀಟಿಯನ್ನು ಬಾಗಿಲಲ್ಲಿ ಉಜ್ಜಿ ಒಳಗೆ ಹೋದರೆ ಒಂದು "ಸ್ವೈಪ್", ಅಂದರೆ ಒಂದು ಊಟ. ಒಳಗೆ ಬೇಕಾದಷ್ಟು ಬಡಿಸಿಕೊಳ್ಳಬಹುದು. ಪ್ಲಾನ್‌ಗಳು ಮುಖ್ಯವಾಗಿ ನಾಲ್ಕು ಬಗೆ:

1. ಅನಿಯಮಿತ ಪ್ಲಾನ್: ದಿನಕ್ಕೆ ಎಷ್ಟು ಸಲವಾದರೂ ಒಳಗೆ ಹೋಗಬಹುದು. ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿ.
2. ವಾರದ ಪ್ಲಾನ್: ವಾರಕ್ಕೆ 14 ಅಥವಾ 10 ಊಟ ಎಂಬಂತೆ. ಬಳಸದೆ ಉಳಿದ ಊಟ ಹೆಚ್ಚಿನ ಕಡೆ ವಾರದ ಕೊನೆಗೆ ರದ್ದಾಗುತ್ತದೆ.
3. ಬ್ಲಾಕ್ ಪ್ಲಾನ್: ಇಡೀ ಸೆಮಿಸ್ಟರ್‌ಗೆ 50, 80, 100 ಹೀಗೆ ಇಷ್ಟು ಊಟ. ಯಾವ ವಾರ ಎಷ್ಟು ಬೇಕೋ ಅಷ್ಟು ಬಳಸಬಹುದು.
4. ಡೈನಿಂಗ್ ಡಾಲರ್: ಕಾರ್ಡಿನಲ್ಲಿ ತುಂಬಿಸಿದ ಹಣ. ಕ್ಯಾಂಪಸ್ಸಿನ ಕೆಫೆ ಮತ್ತು ಅಂಗಡಿಗಳಲ್ಲಿ ಬೇಕಾದುದನ್ನು ಮಾತ್ರ ಕೊಳ್ಳಬಹುದು.

ಪದವಿಯ ಮೊದಲ ವರ್ಷಕ್ಕೆ ಸೇರಿ ಕ್ಯಾಂಪಸ್ ಹಾಸ್ಟೆಲ್‌ನಲ್ಲಿ ಉಳಿಯುವವರಿಗೆ ಅನೇಕ ವಿಶ್ವವಿದ್ಯಾಲಯಗಳಲ್ಲಿ ಮೀಲ್ ಪ್ಲಾನ್ ಕಡ್ಡಾಯ. ನಮ್ಮ ರಾಜ್ಯದಿಂದ ಎಂ.ಎಸ್. ಅಥವಾ ಪಿಎಚ್‌.ಡಿ.ಗೆ ಹೋಗುವವರಿಗೆ ಬಹುತೇಕ ಕಡೆ ಕಡ್ಡಾಯವಿಲ್ಲ. ಅವರು ಮೂರ್ನಾಲ್ಕು ಜನ ಸೇರಿ ಮನೆ ಹಿಡಿದು ಅಡುಗೆ ಮಾಡಿಕೊಳ್ಳುವುದೇ ಹೆಚ್ಚು. ಅಂಥವರು "ಇರಲಿ" ಎಂದು ದೊಡ್ಡ ಪ್ಲಾನ್ ಕೊಂಡರೆ ಹಣ ಪೋಲು. ಪ್ಲಾನ್ ಬದಲಿಸಲು ಸೆಮಿಸ್ಟರ್‌ನ ಮೊದಲ ಕೆಲವು ವಾರ ಮಾತ್ರ ಅವಕಾಶ ಇರುವುದು ಸಾಮಾನ್ಯ. ಆ ಕೊನೆಯ ದಿನಾಂಕವನ್ನು ಹೋದ ದಿನವೇ ಗುರುತು ಹಾಕಿಕೊಳ್ಳಬೇಕು.

ಇಂಗ್ಲೆಂಡಿನಲ್ಲಿ ಹಾಸ್ಟೆಲ್‌ಗಳೇ ಎರಡು ಬಗೆ: ಊಟ ಸೇರಿದವು, ಸ್ವಂತ ಅಡುಗೆಯವು. ಎರಡನೆಯದರಲ್ಲಿ ಹಲವರಿಗೆ ಸೇರಿ ಒಂದು ಅಡುಗೆಮನೆ ಇರುತ್ತದೆ. ಜೈನ ವಿದ್ಯಾರ್ಥಿಗೆ ಇದು ಹೆಚ್ಚು ಅನುಕೂಲ. ಜರ್ಮನಿಯಲ್ಲಿ ವಿದ್ಯಾರ್ಥಿ ಸೇವಾ ಸಂಸ್ಥೆಗಳು ನಡೆಸುವ "ಮೆನ್ಸಾ" ಎಂಬ ಊಟದ ಮನೆಗಳಿವೆ. ಅಲ್ಲಿ ಮುಂಗಡ ಪ್ಲಾನ್ ಬೇಕಿಲ್ಲ. ಉಂಡ ಊಟಕ್ಕೆ ಮಾತ್ರ ಹಣ.

ಸೂರ್ಯಾಸ್ತದ ಲೆಕ್ಕ

ರಾತ್ರಿಭೋಜನ ತ್ಯಾಗ ಮಾಡಿದವರು ಪ್ಲಾನ್ ಆರಿಸುವ ಮೊದಲು ನೋಡಬೇಕಾದ್ದು ಮೆನು ಅಲ್ಲ, ಆ ಊರಿನ ಸೂರ್ಯಾಸ್ತದ ಸಮಯ. ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯಾಸ್ತ ಸುಮಾರು ಸಂಜೆ 5:50 ಮತ್ತು 6:50ರ ನಡುವೆ ಆಗುತ್ತದೆ. ಅಂತರ ಒಂದೇ ಗಂಟೆ. ಬಾಸ್ಟನ್‌ನಲ್ಲಿ ಜೂನ್ ಕೊನೆಯಲ್ಲಿ ಸುಮಾರು ರಾತ್ರಿ 8:25ಕ್ಕೆ ಮುಳುಗುವ ಸೂರ್ಯ ಡಿಸೆಂಬರ್‌ನಲ್ಲಿ ಸಂಜೆ 4:15ರ ಆಸುಪಾಸಿನಲ್ಲೇ ಮುಳುಗುತ್ತಾನೆ. ಲಂಡನ್‌ನಲ್ಲಿ ಡಿಸೆಂಬರ್ ಮಧ್ಯದಲ್ಲಿ ಸೂರ್ಯಾಸ್ತ ಸಂಜೆ 4ಕ್ಕೂ ಮೊದಲು. ಅಮೆರಿಕದಲ್ಲಿ ನವೆಂಬರ್‌ನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಬದಲಾವಣೆ ಒಂದೇ ದಿನದಲ್ಲಿ ಬಂದೆರಗುತ್ತದೆ.

ಇದರ ಪರಿಣಾಮ ನೇರವಾಗಿ ಜೇಬಿನ ಮೇಲೆ. ಬಾಸ್ಟನ್‌ನಂಥ ಊರಿನಲ್ಲಿ ನವೆಂಬರ್ ಮೊದಲ ವಾರದಿಂದ ಜನವರಿ ಕೊನೆಯವರೆಗೆ ಸೂರ್ಯಾಸ್ತ ಸಂಜೆ 5ಕ್ಕಿಂತ ಮುಂಚೆ. ಡೈನಿಂಗ್ ಹಾಲ್ ರಾತ್ರಿಯೂಟಕ್ಕೆ 5ಕ್ಕೆ ತೆರೆಯುವುದಾದರೆ, ಚೌವಿಹಾರ್ ಪಾಲಿಸುವ ವಿದ್ಯಾರ್ಥಿಗೆ ಆ ದಿನಗಳ ರಾತ್ರಿಯ ಸ್ವೈಪ್ ಒಂದೂ ಉಪಯೋಗಕ್ಕೆ ಬಾರದು. ಮಧ್ಯಾಹ್ನ ಮತ್ತು ರಾತ್ರಿಯ ನಡುವೆಯೂ ಬಾಗಿಲು ತೆರೆದಿರುವ ಹಾಲ್ ಇದೆಯೇ, ಡಬ್ಬಿಯಲ್ಲಿ ಕೊಂಡೊಯ್ಯಲು ಬಿಡುತ್ತಾರೆಯೇ, 3 ಗಂಟೆಯ ಪ್ರಯೋಗಾಲಯದ ತರಗತಿ ಎಷ್ಟಕ್ಕೆ ಮುಗಿಯುತ್ತದೆ ಎಂಬುದನ್ನು ವೇಳಾಪಟ್ಟಿ ಮುಂದಿಟ್ಟುಕೊಂಡು ನೋಡಬೇಕು. ಡಲ್ಲಾಸ್‌ನಂಥ ದಕ್ಷಿಣದ ಊರಿನಲ್ಲಿ ಚಳಿಗಾಲದ ಸೂರ್ಯಾಸ್ತವೂ 5:15ರ ನಂತರವೇ. ಅಲ್ಲಿ ಇದೇ ನಿಯಮ ಸ್ವಲ್ಪ ಸುಲಭ.

ನಮ್ಮ ಹಾಸ್ಟೆಲ್‌ಗಳಲ್ಲೂ ಇದೇ ಸಮಸ್ಯೆ ಬೇರೆ ರೂಪದಲ್ಲಿದೆ. ರಾತ್ರಿಯೂಟ ಏಳೂವರೆಗೆ ಶುರುವಾದರೆ ಸೂರ್ಯಾಸ್ತಕ್ಕೆ ಮೊದಲು ಉಣ್ಣುವವರಿಗೆ ಸಿಗುವುದು ಸಂಜೆಯ ತಿಂಡಿ ಮಾತ್ರ. ಮಧ್ಯಾಹ್ನದ ಚಪಾತಿ, ಪಲ್ಯವನ್ನು ಡಬ್ಬಿಗೆ ಹಾಕಿಸಿಕೊಂಡು ಐದೂವರೆಗೆ ಉಣ್ಣಲು ವಾರ್ಡನ್ ಒಪ್ಪಿಗೆ ಪಡೆಯುವುದು ಹೆಚ್ಚು ನಡೆಯುವ ದಾರಿ.

ಹಣದ ಲೆಕ್ಕ

ಪ್ಲಾನಿನ ಒಟ್ಟು ಬೆಲೆ ನೋಡಿ ಮೋಸಹೋಗಬಾರದು. ನಿಜವಾಗಿ ಉಣ್ಣುವ ಒಂದು ಊಟಕ್ಕೆ ಎಷ್ಟು ಬೀಳುತ್ತದೆ ಎಂದು ಭಾಗಿಸಿ ನೋಡಬೇಕು. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ಆಯಾ ಸಂಸ್ಥೆಯ ದರವನ್ನು ಹಾಕಿ ಹೀಗೆಯೇ ಲೆಕ್ಕ ಹಾಕಬಹುದು.

ಮೆಸ್‌ಗೆ ತಿಂಗಳಿಗೆ 4,500 ರೂಪಾಯಿ ಎಂದುಕೊಳ್ಳೋಣ. ದಿನಕ್ಕೆ ಮೂರು ಹೊತ್ತಿನಂತೆ 90 ಊಟ. ಒಂದಕ್ಕೆ 50 ರೂಪಾಯಿ. ರಾತ್ರಿ ಉಣ್ಣದವರಿಗೆ 60 ಊಟ. ಒಂದಕ್ಕೆ 75 ರೂಪಾಯಿ. ಎರಡು ಹೊತ್ತಿನ ದರ ಬೇರೆ ಇದ್ದರೆ ಅದನ್ನೇ ಕೇಳಬೇಕು. ಇಲ್ಲದಿದ್ದರೆ ರಾತ್ರಿಯ ಬದಲು ಸಂಜೆಯ ಬುತ್ತಿ ಕೇಳುವುದು ನ್ಯಾಯವಾದ ಬೇಡಿಕೆ.

ಅಮೆರಿಕದಲ್ಲಿ ವಾರಕ್ಕೆ 14 ಊಟದ ಪ್ಲಾನಿಗೆ ಸೆಮಿಸ್ಟರ್‌ಗೆ 2,800 ಡಾಲರ್ ಎಂದಿಟ್ಟುಕೊಂಡರೆ, 16 ವಾರಕ್ಕೆ 224 ಊಟ, ಒಂದಕ್ಕೆ 12.50 ಡಾಲರ್. ಅದೇ ವಿದ್ಯಾರ್ಥಿ ವಾರಕ್ಕೆ 8 ಊಟ ಮಾತ್ರ ಮಾಡಿದರೆ 128 ಊಟ, ಒಂದಕ್ಕೆ ಸುಮಾರು 22 ಡಾಲರ್. 80 ಊಟದ ಬ್ಲಾಕ್ ಪ್ಲಾನ್ 1,200 ಡಾಲರಿಗೆ ಸಿಗುವುದಾದರೆ ಒಂದಕ್ಕೆ 15 ಡಾಲರ್. ಮೇಲ್ನೋಟಕ್ಕೆ ಊಟವೊಂದರ ದರ ಜಾಸ್ತಿಯಾದರೂ ವಾರಕ್ಕೆ ಐದು ಮಧ್ಯಾಹ್ನ ಕ್ಯಾಂಪಸ್ಸಿನಲ್ಲಿ ಉಂಡು ಉಳಿದುದನ್ನು ತಾವೇ ಬೇಯಿಸಿಕೊಳ್ಳುವವರಿಗೆ ಇದೇ ಲಾಭ. ಉಪವಾಸದ ದಿನ ಸ್ವೈಪ್ ರದ್ದಾಗುವ ಭಯವೂ ಇದರಲ್ಲಿಲ್ಲ.

ಅಲ್ಲಿನ ತಟ್ಟೆಯಲ್ಲಿ ಎಚ್ಚರ ವಹಿಸಬೇಕಾದವು

ಪಶ್ಚಿಮದ ದೇಶಗಳಲ್ಲಿ "ವೆಜಿಟೇರಿಯನ್" ಎಂದರೆ ಮೊಟ್ಟೆ ಇರಬಹುದು. "ವೀಗನ್" ಎಂದರೆ ಹಾಲು, ಮೊಟ್ಟೆ, ಜೇನು ಯಾವುದೂ ಇಲ್ಲ; ಆದರೆ ಈರುಳ್ಳಿ-ಬೆಳ್ಳುಳ್ಳಿ ಧಾರಾಳ. "ಕೋಷರ್", "ಹಲಾಲ್" ಎಂಬ ಗುರುತುಗಳು ಸಸ್ಯಾಹಾರದ ಗುರುತುಗಳಲ್ಲ. ಮಾಂಸವೂ ಹಾಲೂ ಇಲ್ಲದ ಕೋಷರ್ ತಿನಿಸಿನಲ್ಲೂ ಮೊಟ್ಟೆ ಅಥವಾ ಮೀನು ಇರಬಹುದು. ಇವುಗಳನ್ನು ವಿಶೇಷವಾಗಿ ಗಮನಿಸಬೇಕು:

• ಸೂಪ್, ಗ್ರೇವಿ, ಅನ್ನ: ತರಕಾರಿಯದ್ದೆಂದು ಕಂಡರೂ ಕೋಳಿಯ ಅಥವಾ ದನದ ಎಲುಬಿನ ಸಾರಿನಲ್ಲಿ ಬೇಯಿಸಿರಬಹುದು. ತರಕಾರಿ ಸಾರಿನಲ್ಲೂ ಈರುಳ್ಳಿ ಇದ್ದೇ ಇರುತ್ತದೆ.
• ಚೀಸ್: ಹಾಲು ಹೆಪ್ಪುಗಟ್ಟಿಸಲು ಬಳಸುವ ರೆನ್ನೆಟ್ ಕರುವಿನ ಹೊಟ್ಟೆಯಿಂದ ತೆಗೆದದ್ದಾಗಿರಬಹುದು. ಇಟಲಿಯ ಪಾರ್ಮಿಜಾನೊ ರೆಜಾನೊ ಚೀಸಿಗೆ ಅದೇ ಕಡ್ಡಾಯ. ಸೂಕ್ಷ್ಮಾಣು ಅಥವಾ ಸಸ್ಯಮೂಲದ ರೆನ್ನೆಟ್ ಎಂದು ಬರೆದ ಚೀಸನ್ನು ಆರಿಸಬೇಕು.
• ಜೆಲ್ಲಿ, ಮಾರ್ಷ್‌ಮ್ಯಾಲೊ, ಕೆಲವು ಮೊಸರು: ಪ್ರಾಣಿಗಳ ಚರ್ಮ, ಎಲುಬಿನಿಂದ ಬರುವ ಜೆಲಟಿನ್ ಇರಬಹುದು.
• ಸಾಸ್‌ಗಳು: ವೂಸ್ಟರ್‌ಶೈರ್ ಸಾಸಿನಲ್ಲಿ ಮೀನು, ಥಾಯ್ ಕರಿಯಲ್ಲಿ ಮೀನಿನ ರಸ, ಮೇಯನೇಸಿನಲ್ಲಿ ಮೊಟ್ಟೆ ಇರುವುದು ಸಾಮಾನ್ಯ.
• ವೆಜ್ ಬರ್ಗರ್: ಉಂಡೆ ಕಟ್ಟಲು ಮೊಟ್ಟೆಯ ಬಿಳಿಭಾಗ ಬಳಸಿರಬಹುದು.
• ಎಣ್ಣೆ ಮತ್ತು ಕಾವಲಿ: ಕೋಳಿ ಕರಿದ ಎಣ್ಣೆಯಲ್ಲೇ ಬೇರೆ ತಿನಿಸು ಕರಿಯುವುದುಂಟು.

ಅಮೆರಿಕದ ಕಾನೂನಿನಲ್ಲಿ ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ ಜಾತಿಯವು, ಮರಬೀಜಗಳು, ಶೇಂಗಾ, ಗೋಧಿ, ಸೋಯಾ, ಎಳ್ಳು ಎಂಬ ಒಂಬತ್ತು ಅಲರ್ಜಿಕಾರಕಗಳನ್ನು ಪ್ಯಾಕೆಟ್ ಮೇಲೆ ಬರೆಯುವುದು ಕಡ್ಡಾಯ. ಎಳ್ಳು 2023ರ ಜನವರಿಯಿಂದ ಸೇರಿದೆ. ಹೀಗಾಗಿ ಮೊಟ್ಟೆ, ಮೀನನ್ನು ಗುರುತಿಸುವುದು ಸುಲಭ. ಈರುಳ್ಳಿ-ಬೆಳ್ಳುಳ್ಳಿ ಈ ಪಟ್ಟಿಯಲ್ಲಿಲ್ಲ. ಅವುಗಳ ಪುಡಿಯನ್ನು "ಸ್ಪೈಸಸ್" ಎಂಬ ಪದದೊಳಗೆ ಅಡಗಿಸುವಂತಿಲ್ಲ, ಹೆಸರು ಬರೆಯಲೇಬೇಕು. ಆದರೆ ಅವುಗಳ ಸಾರವು "ನ್ಯಾಚುರಲ್ ಫ್ಲೇವರ್" ಎಂಬ ಹೆಸರಿನಲ್ಲಿ ಬರಬಹುದು. ಅನೇಕ ವಿಶ್ವವಿದ್ಯಾಲಯಗಳು ನೆಟ್‌ನ್ಯೂಟ್ರಿಷನ್, ನ್ಯೂಟ್ರಿಸ್ಲೈಸ್ ಮೊದಲಾದ ತಾಣಗಳಲ್ಲಿ ಅಂದಂದಿನ ಮೆನು ಮತ್ತು ಅಲರ್ಜಿ ಮಾಹಿತಿ ಪ್ರಕಟಿಸುತ್ತವೆ. ಪ್ರವೇಶಕ್ಕೆ ಒಪ್ಪುವ ಮೊದಲೇ ಒಂದು ವಾರದ ಮೆನುವನ್ನು ಮನೆಯಲ್ಲೇ ಕುಳಿತು ನೋಡಿ, ತಮ್ಮ ಪಟ್ಟಿಗೆ ಹೊಂದುವ ತಿನಿಸುಗಳು ಎಷ್ಟಿವೆ ಎಂದು ಎಣಿಸಬಹುದು.

ಕೇಳುವ ಕ್ರಮ

ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಊಟದ ವಿಭಾಗಕ್ಕೆ ಒಬ್ಬ ಆಹಾರ ತಜ್ಞರು ಇರುತ್ತಾರೆ. ಕಡ್ಡಾಯ ಪ್ಲಾನಿನಿಂದ ವಿನಾಯಿತಿ ಅಥವಾ ಚಿಕ್ಕ ಪ್ಲಾನ್ ಬೇಕಾದವರು ಊಟದ ವಿಭಾಗಕ್ಕೂ ಹಾಸ್ಟೆಲ್ ಕಚೇರಿಗೂ ಸೆಮಿಸ್ಟರ್ ಶುರುವಾಗುವ ಮೊದಲೇ ಬರೆಯಬೇಕು. ಪತ್ರ ಚಿಕ್ಕದಿರಲಿ. ಅದರ ಸಾರ ಹೀಗಿರಬಹುದು:

"ನಾನು ಜೈನ ಧರ್ಮವನ್ನು ಪಾಲಿಸುವ ವಿದ್ಯಾರ್ಥಿ. ಮಾಂಸ, ಮೀನು, ಮೊಟ್ಟೆ, ಜೆಲಟಿನ್, ಜೇನು ಸೇವಿಸುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಹಾಗೂ ಇತರ ಗೆಡ್ಡೆಗಳನ್ನೂ ತಿನ್ನುವುದಿಲ್ಲ. ಹಾಲು, ಮೊಸರು, ಬೇಳೆ, ಅನ್ನ, ಗೋಧಿ, ನೆಲದ ಮೇಲೆ ಬೆಳೆಯುವ ತರಕಾರಿಗಳು ಆಗುತ್ತವೆ. ಸೂರ್ಯಾಸ್ತದ ನಂತರ ಊಟ ಮಾಡುವುದಿಲ್ಲ. ನನಗೆ ಹೊಂದುವ ಊಟ ದಿನವೂ ಸಿಗುವುದೇ ಎಂದು ತಿಳಿಸಿ. ಇಲ್ಲವಾದರೆ ಚಿಕ್ಕ ಪ್ಲಾನ್ ಅಥವಾ ವಿನಾಯಿತಿ ಕೊಡಬೇಕೆಂದು ಕೋರುತ್ತೇನೆ."

ಬೇಡದ್ದನ್ನು ಹೇಳುವಷ್ಟೇ ಸ್ಪಷ್ಟವಾಗಿ ಆಗುವುದನ್ನೂ ಹೇಳಬೇಕು. ಅಡುಗೆಯವರಿಗೆ ಕೆಲಸಕ್ಕೆ ಬರುವುದು ಎರಡನೆಯ ಪಟ್ಟಿಯೇ. ವಿಮಾನಯಾನ ಸಂಸ್ಥೆಗಳಲ್ಲಿ ಜೈನ ಊಟಕ್ಕೆ "ವಿಜೆಎಂಎಲ್" ಎಂಬ ಪ್ರತ್ಯೇಕ ಸಂಕೇತವೇ ಇದೆ. ಇಂಥ ಊಟ ಜಗತ್ತಿಗೆ ಹೊಸದಲ್ಲ ಎಂದು ತಿಳಿಸಲು ಆ ಉದಾಹರಣೆಯನ್ನು ಕೊಡಬಹುದು. ಊರಿನ ಬಸದಿಯಿಂದ ಅಥವಾ ಅಲ್ಲಿನ ಜೈನ ಕೇಂದ್ರದಿಂದ ಒಂದು ಪತ್ರ ಲಗತ್ತಿಸಿದರೆ ಇನ್ನೂ ಒಳ್ಳೆಯದು.

ಒಂದು ವಿಷಯದಲ್ಲಿ ಎಚ್ಚರ ಅಗತ್ಯ. "ಬೆಳ್ಳುಳ್ಳಿ ಅಲರ್ಜಿ ಎಂದುಬಿಡು, ಬೇಗ ಕೆಲಸ ಆಗುತ್ತದೆ" ಎಂಬ ಸಲಹೆ ಹಿರಿಯ ವಿದ್ಯಾರ್ಥಿಗಳಿಂದ ಬರುವುದುಂಟು. ಅಮೆರಿಕದಲ್ಲಿ ಆಹಾರದ ಅಲರ್ಜಿ ಅಂಗವೈಕಲ್ಯ ಕಾನೂನಿನ ವ್ಯಾಪ್ತಿಗೆ ಬರಬಹುದು. 2012ರಲ್ಲಿ ಲೆಸ್ಲಿ ವಿಶ್ವವಿದ್ಯಾಲಯವು ಕಡ್ಡಾಯ ಮೀಲ್ ಪ್ಲಾನಿನ ವಿಷಯದಲ್ಲಿ ಅಲ್ಲಿನ ನ್ಯಾಯ ಇಲಾಖೆಯೊಡನೆ ಮಾಡಿಕೊಂಡ ಒಪ್ಪಂದದ ನಂತರ ಇದು ವಿಶ್ವವಿದ್ಯಾಲಯಗಳಿಗೆ ಚೆನ್ನಾಗಿ ತಿಳಿದಿದೆ. ಹಾಗಾಗಿ ಅಲರ್ಜಿ ಎಂದರೆ ವೈದ್ಯರ ದಾಖಲೆ ಕೇಳುತ್ತಾರೆ. ಅದಿಲ್ಲದೆ ಸಿಕ್ಕಿಬಿದ್ದರೆ ಮುಂದೆ ನಿಜ ಹೇಳಿದರೂ ನಂಬುವವರಿಲ್ಲ. ನಿಜವಾದ ಅಲರ್ಜಿಯಿಂದ ಪ್ರಾಣಾಪಾಯದಲ್ಲಿರುವವರ ಮಾತಿನ ಬೆಲೆಯೂ ಕಡಿಮೆಯಾಗುತ್ತದೆ. ಅಹಿಂಸೆಯ ಊಟಕ್ಕಾಗಿ ಸತ್ಯಾಣುವ್ರತವನ್ನು ಮುರಿಯುವುದು ಸರಿಯಾದ ವ್ಯಾಪಾರವಲ್ಲ. ಧರ್ಮದ ಕಾರಣವನ್ನು ಧರ್ಮದ ಕಾರಣವೆಂದೇ ಹೇಳಬೇಕು.

ಪರ್ವದ ದಿನಗಳು

ಶ್ವೇತಾಂಬರರ ಎಂಟು ದಿನಗಳ ಪರ್ಯೂಷಣ, ದಿಗಂಬರರ ಹತ್ತು ದಿನಗಳ ದಶಲಕ್ಷಣ ಪರ್ವ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಬರುತ್ತವೆ. ಅಮೆರಿಕದಲ್ಲಿ ಶೈಕ್ಷಣಿಕ ವರ್ಷ ಶುರುವಾಗುವುದೂ ಆಗಲೇ. ಹೊಸ ಊರು, ಹೊಸ ತರಗತಿ, ಅಡುಗೆಮನೆಯೂ ಸಿದ್ಧವಾಗಿಲ್ಲದ ಸಮಯದಲ್ಲೇ ವರ್ಷದ ಅತಿ ಕಟ್ಟುನಿಟ್ಟಿನ ದಿನಗಳು ಬರುತ್ತವೆ. ಮೊದಲ ವರ್ಷ ಉಪವಾಸ ಸಾಧ್ಯವಾಗದಿದ್ದರೆ ಏಕಾಶನ ಅಥವಾ ಒಂದು ರಸತ್ಯಾಗ ಸಾಕು ಎಂದು ಹಿರಿಯರು ಧೈರ್ಯ ಹೇಳಬೇಕು. ಪಾರಣೆಯ ಬೆಳಿಗ್ಗೆ ಹಾಲ್ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಮೊದಲೇ ನೋಡಿಕೊಂಡು, ಹೆಸರುಬೇಳೆ, ಹಾಲು ಮುಂತಾದುವನ್ನು ಕೋಣೆಯಲ್ಲಿ ಇಟ್ಟುಕೊಳ್ಳಬೇಕು. ವರ್ಷಕ್ಕೆ ಮೂರು ಸಲ, ಆಷಾಢ, ಕಾರ್ತಿಕ, ಫಾಲ್ಗುಣಗಳಲ್ಲಿ ಬರುವ ಅಷ್ಟಾಹ್ನಿಕ ಪರ್ವದ ದಿನಗಳನ್ನೂ ಪರೀಕ್ಷೆಯ ವೇಳಾಪಟ್ಟಿಯ ಪಕ್ಕದಲ್ಲಿ ಬರೆದಿಡುವುದು ಒಳ್ಳೆಯದು.

ಕೋಣೆಯ ಅಡುಗೆ ಮತ್ತು ಆರೋಗ್ಯ

ಕ್ಯಾಂಪಸ್ ಹಾಸ್ಟೆಲ್‌ಗಳ ಕೋಣೆಯಲ್ಲಿ ಬಿಸಿ ತಟ್ಟೆ, ಇಂಡಕ್ಷನ್ ಒಲೆ ನಿಷಿದ್ಧವಾಗಿರುವುದು ಸಾಮಾನ್ಯ. ಯಾವ ಉಪಕರಣಕ್ಕೆ ಅನುಮತಿ ಇದೆ ಎಂಬ ಪಟ್ಟಿಯನ್ನು ನೋಡಿಯೇ ಕೊಳ್ಳಬೇಕು. ಮಹಡಿಗೊಂದು ಸಾಮೂಹಿಕ ಅಡುಗೆಮನೆ ಇರುವ ಕಟ್ಟಡವನ್ನು ಕೇಳಿ ಪಡೆಯುವುದು ಮೀಲ್ ಪ್ಲಾನಿನಷ್ಟೇ ಮುಖ್ಯ. ಅವಲಕ್ಕಿ, ರವೆ, ಸಾರಿನಪುಡಿ, ಚಟ್ನಿಪುಡಿ, ಹುರಿಹಿಟ್ಟು ಒಯ್ಯುವವರು ವಿಮಾನ ನಿಲ್ದಾಣದಲ್ಲಿ ಆಹಾರ ಪದಾರ್ಥ ಇದೆ ಎಂದು ಘೋಷಿಸಲೇಬೇಕು. ತಾಜಾ ಹಣ್ಣು, ತರಕಾರಿ, ಗಿಡಗಳನ್ನು ಒಯ್ಯಬಾರದು.

ಅನ್ನ-ಮೊಸರಿನಲ್ಲೇ ದಿನ ದೂಡುವುದು ನಿಯಮಪಾಲನೆ ಅಲ್ಲ, ನಿರ್ಲಕ್ಷ್ಯ. ದಿನಕ್ಕೆ ಎರಡು ಹೊತ್ತು ಬೇಳೆ ಅಥವಾ ಕಾಳು, ಹಾಲು-ಮೊಸರು, ಒಂದು ಹಿಡಿ ಶೇಂಗಾ ಅಥವಾ ಬಾದಾಮಿ, ಸೊಪ್ಪು ಅಥವಾ ಕಾಯಿಪಲ್ಯ, ಹಣ್ಣು ಸಿಗುವಂತೆ ನೋಡಿಕೊಳ್ಳಬೇಕು. ದ್ವಿದಳ ನಿಯಮ ಪಾಲಿಸುವವರು ಬೇಳೆ ಮತ್ತು ಹಸಿ ಹಾಲಿನ ಮೊಸರನ್ನು ಬೇರೆ ಬೇರೆ ಹೊತ್ತಿಗೆ ಇಟ್ಟುಕೊಂಡರೆ ಸಾಕು. ಸಸ್ಯಾಹಾರಿಗಳಲ್ಲಿ ವಿಟಮಿನ್ ಬಿ12 ಕೊರತೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಹೊರಡುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ ವೈದ್ಯರ ಸಲಹೆ ಪಡೆಯುವುದು ಜಾಣತನ.

ಒಬ್ಬಂಟಿಯಾಗಬೇಕಿಲ್ಲ

ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟ "ಜೈನಾ" 1981ರಲ್ಲೂ, ಅದರ ಯುವ ವಿಭಾಗ "ಯಂಗ್ ಜೈನ್ಸ್ ಆಫ್ ಅಮೆರಿಕ" 1991ರಲ್ಲೂ ಆರಂಭವಾದವು. ದೊಡ್ಡ ನಗರಗಳಲ್ಲಿ ಜೈನ ಕೇಂದ್ರಗಳಿವೆ. ಇಂಗ್ಲೆಂಡಿನ ಲೆಸ್ಟರ್ ಮತ್ತು ಲಂಡನ್ ಸಮೀಪದ ಪಾಟರ್ಸ್ ಬಾರ್‌ನಲ್ಲಿ ಶಿಖರಬದ್ಧ ಜಿನಾಲಯಗಳಿವೆ. ಹೊರಡುವ ಮೊದಲೇ ಸಮೀಪದ ಕೇಂದ್ರಕ್ಕೆ ಬರೆದರೆ, ಅದೇ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಯ ಪರಿಚಯ ಸಿಗಬಹುದು. ಯಾವ ಹಾಲಿನಲ್ಲಿ ಏನು ಸಿಗುತ್ತದೆ ಎಂಬುದನ್ನು ಯಾವ ಕೈಪಿಡಿಗಿಂತಲೂ ಚೆನ್ನಾಗಿ ಹೇಳಬಲ್ಲವರು ಅವರೇ.

ಪೋಷಕರ ಗಮನಕ್ಕೆ

ಮಗ ಅಥವಾ ಮಗಳು ದೂರದಿಂದ ಫೋನ್ ಮಾಡಿದಾಗ "ನಿಯಮ ಬಿಟ್ಟಿಲ್ಲ ತಾನೆ?" ಎಂಬ ಪ್ರಶ್ನೆಗೆ ಬರುವುದು ಬಹುತೇಕ ಒಂದೇ ಉತ್ತರ. "ಇವತ್ತು ಏನು ಉಂಡೆ?" ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ. ತಿಳಿಯದೆ ಬೆಳ್ಳುಳ್ಳಿ ಬೆರೆತ ಸಾರು ಉಂಡರೆ ಏನು ಮಾಡಬೇಕು, ಒಂದು ಸಂಜೆ ಪ್ರಯೋಗಾಲಯದಿಂದ ತಡವಾಗಿ ಬಂದು ಹಸಿದಿದ್ದರೆ ಏನು ಮಾಡಬೇಕು ಎಂಬುದನ್ನು ಹೊರಡುವ ಮೊದಲೇ ಮುಕ್ತವಾಗಿ ಮಾತಾಡಿಕೊಳ್ಳಬೇಕು. ದೋಷವಾದಾಗ ಆಲೋಚನೆ, ಪ್ರತಿಕ್ರಮಣ, ಮತ್ತೆ ನಿಯಮಕ್ಕೆ ಮರಳುವುದು ನಮ್ಮ ಪರಂಪರೆ ಹೇಳಿಕೊಟ್ಟ ದಾರಿ. ಒಂದು ದಿನದ ತಪ್ಪಿಗೆ ಇಡೀ ನಿಯಮವನ್ನೇ ಬಿಡಬೇಕಿಲ್ಲ ಎಂಬುದು ಮಕ್ಕಳಿಗೆ ತಿಳಿದಿದ್ದರೆ ಅವರು ನಿಜ ಹೇಳುತ್ತಾರೆ. ನಿಜ ಹೇಳಲು ಸಾಧ್ಯವಾದರೆ ನಿಯಮವೂ ಉಳಿಯುತ್ತದೆ.

ಕೊನೆಯದಾಗಿ, ಹೊರಡುವ ಮೊದಲು ಕೈಯಲ್ಲಿರಬೇಕಾದವು ಐದು: ಬರೆದಿಟ್ಟ ನಿಯಮಗಳ ಪಟ್ಟಿ, ಆ ಊರಿನ ತಿಂಗಳುವಾರು ಸೂರ್ಯಾಸ್ತದ ಸಮಯ, ಊಟವೊಂದಕ್ಕೆ ಬೀಳುವ ದರದ ಲೆಕ್ಕ, ಪ್ಲಾನ್ ಬದಲಿಸಲು ಕೊನೆಯ ದಿನಾಂಕ, ಮತ್ತು ಅಲ್ಲಿನ ಒಬ್ಬ ಸಾಧರ್ಮಿಯ ಸಂಪರ್ಕ.